ಗಾಡಿ ಆ ಗಯಾ

ನವೆಂಬರ್ 10, ಭಾನುವಾರ

ಇವತ್ತು ಅಪ್ಪ ನನ್ನನ್ನು "ಸಿಸ್ಟರ್" ಎಂದರು. ಬಿ.ಪಿ. ನೋಡಲು ಬರುವ ನರ್ಸಿಗೂ ನನಗೂ ಅವರ ಪಾಲಿಗೆ ಈಗ ವ್ಯತ್ಯಾಸವಿಲ್ಲ. ಮೊಸರನ್ನದ ತಟ್ಟೆ ಇಟ್ಟಾಗ, "ಥ್ಯಾಂಕ್ಯೂ ಸಿಸ್ಟರ್, ನೀವು ಎಲ್ಲಿಂದ ಬರ್ತೀರಿ?" ಎಂದು ಕೇಳಿದರು. ಇಂದಿರಾಪುರಂ ಎಂದೆ. "ಅಯ್ಯೋ, ಅಷ್ಟು ದೂರದಿಂದ!" ಎಂದರು, ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ಕೂತುಕೊಂಡು. ನಗು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಈ ದಿನಚರಿ ಡಾಕ್ಟರು ಹೇಳಿದ ಉಪಾಯ. ಮರೆವು ಅಪ್ಪನಿಗೆ, ಔಷಧಿ ನನಗೆ. ದಿನಾ ಬರೆಯಬೇಕಂತೆ, ಮನಸ್ಸು ಹಗುರವಾಗುತ್ತದಂತೆ. ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ನನ್ನ ಬಗ್ಗೆ ನಾನೇ ಬರೆದುಕೊಳ್ಳುವುದು ಹೊಸದು.

ನನಗೆ ಬೇಕಾಗಿರುವುದು ಒಂದೇ ಮಾತು. ನಲವತ್ತೆರಡು ವರ್ಷದಿಂದ ಅಪ್ಪ ನನ್ನನ್ನು ಕರೆದದ್ದು "ಮಗನೇ" ಎಂದೇ. ಧಾರಿಣಿ ಎನ್ನುವುದು ಸ್ಕೂಲಿನ ರಿಜಿಸ್ಟರಿಗೆ ಮಾತ್ರ. "ಏನೋ ಮಗನೇ", "ಬಾರೋ", "ಊಟ ಆಯ್ತೇನೋ". ಹೆಣ್ಣುಮಗಳನ್ನು ಗಂಡಿನ ಹಾಗೆ ಕರೆಯುವುದು ನಮ್ಮ ಮನೆಯ ಮುದ್ದು. ಅಮ್ಮ ಇದ್ದಾಗ ರೇಗಿಸುತ್ತಿದ್ದಳು, "ನಿಮ್ಮಪ್ಪಂಗೆ ಹಿಂದೀಲೂ ಲಿಂಗ ಗೊತ್ತಿಲ್ಲ, ಕನ್ನಡದಲ್ಲೂ ಗೊತ್ತಿಲ್ಲ." ಅದೂ ನಿಜ. ನಲವತ್ತೈದು ವರ್ಷ ದಿಲ್ಲಿಯಲ್ಲಿದ್ದರೂ ಹಿಂದಿಯಲ್ಲಿ ಗಾಡಿ ಹೆಣ್ಣು ಎನ್ನುವುದು ಅಪ್ಪನ ತಲೆಗೆ ಹೋಗಲೇ ಇಲ್ಲ. ಗಾಡಿ ಬಂತು ಎನ್ನಲು "ಗಾಡಿ ಆ ಗಯೀ" ಎನ್ನಬೇಕಾದ ಕಡೆ "ಗಾಡಿ ಆ ಗಯಾ" ಎನ್ನುತ್ತಿದ್ದರು. ಸರ್ಕಾರಿ ಕ್ವಾರ್ಟರ್ಸಿನ ಮಕ್ಕಳೆಲ್ಲ ಅದನ್ನೇ ಕೂಗಿಕೊಂಡು ನಮ್ಮ ಫಿಯೆಟ್ಟಿನ ಹಿಂದೆ ಓಡುತ್ತಿದ್ದರು.

ಆ ಫಿಯೆಟ್ ಈಗ ನಮ್ಮ ಸೊಸೈಟಿಯ ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತಿದೆ. ಮಧ್ಯಾಹ್ನ ಅಪ್ಪನನ್ನು ಅದರಲ್ಲಿ ಕೂರಿಸಿ ನಾನು ಹಿಂದೆ ಕೂತೆ. ಅಪ್ಪ ಸ್ಟಿಯರಿಂಗ್ ಹಿಡಿದರು. ಮೇಲಿನ ಪುಟ್ಟ ಕನ್ನಡಿಯನ್ನು ಎರಡು ಬೆರಳಿನಿಂದ ತಿರುಗಿಸಿದರು. ಅದರಲ್ಲಿ ನನ್ನನ್ನು ನೋಡಿದರು. "ಏನೋ ಮಗನೇ, ಟೈ ಕಟ್ಟಿಲ್ಲ? ಲೇಟಾಯ್ತಲ್ಲೋ!"

ಹಾರ್ನ್ ಒತ್ತಿದರು. ಶಬ್ದ ಬರಲಿಲ್ಲ. ಮತ್ತೆ ಒತ್ತಿದರು. ಮುಖ ಬಾಡಿತು. "ಸಿಸ್ಟರ್, ನಾನು ಇಳೀಬೇಕು," ಎಂದರು.

ಹಾರ್ನ್ ರಿಪೇರಿ ಮಾಡಿಸುತ್ತೇನೆ. ಎಷ್ಟರ ಕೆಲಸ ಅದು!

ನವೆಂಬರ್ 13, ಬುಧವಾರ

ಗಾಡಿ ರಿಪೇರಿಯ ದಿಲೀಪ್ ಮಿಸ್ತ್ರಿ ಬಂದಿದ್ದ. ಹಳೆಯ ಗಾಡಿಯನ್ನು ರಸ್ತೆಗೆ ತಂದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆಂಬ ಹೆದರಿಕೆಗೆ ಅವನೇ ಸಾಮಾನು ಹೊತ್ತು ಬೇಸ್‌ಮೆಂಟಿಗೆ ಬರುತ್ತಾನೆ. ಅರವತ್ತರ ಹತ್ತಿರದವನು. ಗಾಡಿಯ ಬಾನೆಟ್ ಮುಟ್ಟಿ ನಮಸ್ಕಾರ ಮಾಡಿ ಕೆಲಸ ಶುರುಮಾಡಿದ.

ಹಾರ್ನಿನ ತಂತಿ ಸ್ಟಿಯರಿಂಗ್ ಒಳಗಿದೆ. ಅದಕ್ಕೆ ಚಕ್ರ ಬಿಚ್ಚಬೇಕು. ಬಿಚ್ಚುವಾಗ ಅದು ಸೀಳು ಬಿಟ್ಟಿತು. ಐವತ್ತು ವರ್ಷದ ಚಕ್ರ, ಇನ್ನೇನಾಗುತ್ತದೆ. "ಏಕ್ ಖೋಲಾ ತೋ ದೂಸ್ರಾ ಭೀ ಖೋಲ್ನಾ ಪಡೇಗಾ, ಮ್ಯಾಡಮ್‌ಜಿ," ಎಂದ. ಒಂದನ್ನು ಬಿಚ್ಚಿದರೆ ಇನ್ನೊಂದನ್ನೂ ಬಿಚ್ಚಬೇಕು. ಗುಜರಿಯಲ್ಲಿ ಇದೇ ಮಾಡೆಲ್ಲಿನ ಒಂದು ಗಾಡಿ ಇಡಿಯಾಗಿ ನಿಂತಿದೆಯಂತೆ, ಕೆಂಪು ಬಣ್ಣದ್ದು. ಅದರ ಚಕ್ರ ತರುತ್ತಾನೆ. ನಮ್ಮ ಹಳೆಯದನ್ನು ಗುಜರಿಯವನಿಗೇ ಕೊಟ್ಟುಬಿಡುವುದು.

ನವೆಂಬರ್ 24, ಭಾನುವಾರ

ಹಾರ್ನ್ ಕೂಗಿತು!

ಮಧ್ಯಾಹ್ನ ಎರಡು ಗಂಟೆಗೆ ಅಪ್ಪ ತಾವೇ ಚಪ್ಪಲಿ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತಿದ್ದರು. ಕೆಳಗೆ ಹೋಗಿ ಹೊಸ ಚಕ್ರ ಹಿಡಿದು ಮೂರು ಸಲ ಹಾರ್ನ್ ಒತ್ತಿದರು, ಎರಡು ಗಿಡ್ಡ, ಒಂದು ಉದ್ದ. ಹಿಂದಕ್ಕೆ ತಿರುಗಿ ನನ್ನನ್ನು ನೋಡಿ "ಬೇಟಾ" ಎಂದರು.

ಬೇಟಾ! ಎಂದರೆ ಮಗನೇ ಎಂದು ತಾನೇ? ದಿಲ್ಲಿಯವರೂ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುತ್ತಾರೆ. ಅಪ್ಪನಿಗೆ ಪದ ಸಿಕ್ಕಿದೆ, ಭಾಷೆ ಮಾತ್ರ ಪಕ್ಕದ ಗೂಡಿನದು. ಸಂತೋಷಕ್ಕೆ ಕಾವಲಿನ ಭಯ್ಯಾನಿಗೂ ಲಾಡು ಕೊಟ್ಟೆ.

ಸ್ಟಿಯರಿಂಗ್ ಸ್ವಲ್ಪ ಸಡಿಲವಿದೆಯಂತೆ. ಕೆಳಗಿನ ಡಬ್ಬಿ ಬಿಚ್ಚಬೇಕು.

ಡಿಸೆಂಬರ್ 3, ಮಂಗಳವಾರ

ಡಬ್ಬಿ ಬಿಚ್ಚಲು ಗಾಡಿ ಎತ್ತಿದಾಗ ನೆಲದ ತಗಡು ತೂತು ಬಿದ್ದಿರುವುದು ಕಾಣಿಸಿತು. ತಗಡು ಹಾಕಲು ಸೀಟು ತೆಗೆಯಬೇಕು. ಸೀಟಿನ ಕೆಳಗಿನ ವೈರುಗಳನ್ನು ಇಲಿ ತಿಂದಿದೆ. ದಿಲೀಪ್ ಪ್ರತಿ ಸಲವೂ ಗಡ್ಡ ಕೆರೆದುಕೊಂಡು ಅದೇ ಮಾತು ಹೇಳುತ್ತಾನೆ. ಎಲ್ಲವೂ ಆ ಕೆಂಪು ಗಾಡಿಯಿಂದಲೇ ಬರುತ್ತಿದೆ. ಅಳತೆ ಸ್ವಲ್ಪವೂ ತಪ್ಪುವುದಿಲ್ಲ, ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಅಪ್ಪ ಇವತ್ತು ಬಾಲ್ಕನಿಯಿಂದ ಕೆಳಗೆ ನೋಡಿ, "ದೇಖೋ ಬೇಟಾ, ಗಾಡಿ ಆ ಗಯೀ" ಎಂದರು.

ಗಯೀ! ನಲವತ್ತೈದು ವರ್ಷ ಬಾರದ ವ್ಯಾಕರಣ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಬಂತು. ಡಾಕ್ಟರಿಗೆ ಮೆಸೇಜ್ ಹಾಕಿದೆ. ಮಿದುಳು ಹೊಸದನ್ನು ಕಲಿಯುವುದು ಒಳ್ಳೆಯ ಲಕ್ಷಣ ಎಂದು ಉತ್ತರ ಬಂತು.

ಡಿಸೆಂಬರ್ 15, ಭಾನುವಾರ

ಸೀಟುಗಳು ಬಂದವು. ಕೆಂಪು ರೆಕ್ಸಿನ್, ಅಂಚಿಗೆ ಬಿಳಿ ದಾರದ ಹೊಲಿಗೆ. ಮುಂದಿನ ಹಳೆಯ ಸೀಟಿನಲ್ಲಿ ಅಮ್ಮ ಕೂರುತ್ತಿದ್ದ ಕಡೆ ಒಂದು ತಗ್ಗು ಬಿದ್ದಿತ್ತು. ಅದನ್ನು ದಿಲೀಪ್ ಟೆಂಪೋಗೆ ಹಾಕುವಾಗ ಸುಮ್ಮನೆ ಕೈಯಿಟ್ಟು ನೋಡಿದೆ. ಬಿಸಿಲೇ ಬೀಳದ ಬೇಸ್‌ಮೆಂಟಿನಲ್ಲಿ ಅದು ಬೆಚ್ಚಗಿತ್ತು. ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು.

ಸಂಜೆ ಅಪ್ಪ ಹಾಲಿನಲ್ಲಿರುವ ಅಮ್ಮನ ಫೋಟೋ ಮುಂದೆ ನಿಂತು, "ಯೇ ಬೆಹನ್‌ಜಿ ಕೌನ್ ಹೈಂ?" ಎಂದು ಕೇಳಿದರು, ಬಹಳ ಮರ್ಯಾದೆಯಿಂದ. ಈ ಅಕ್ಕನವರು ಯಾರು. ನಿನ್ನೆಯವರೆಗೂ ಆ ಫೋಟೋಗೆ "ರತ್ನಾ, ಕಾಫಿ" ಎನ್ನುತ್ತಿದ್ದವರು. ಕಾಯಿಲೆಯಲ್ಲಿ ಏರುಪೇರು ಇರುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಹಿಂದಿನ ಸೀಟಿನ ಸಂದಿಯಲ್ಲಿ ಚಿಟ್ಟೆ ಆಕಾರದ ಒಂದು ಹೇರ್‌ಪಿನ್ ಸಿಕ್ಕಿತು. ಚೆನ್ನಾಗಿದೆ. ಮುಡಿದುಕೊಂಡಿದ್ದೇನೆ.

ಡಿಸೆಂಬರ್ 28, ಶನಿವಾರ

ಮೈಸೂರಿನಿಂದ ಲೀಲಾ ಚಿಕ್ಕಮ್ಮನ ಫೋನ್. ಅಮ್ಮನ ತಂಗಿ, ತಿಂಗಳಿಗೊಮ್ಮೆ ವಿಚಾರಿಸುತ್ತಾಳೆ. ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅವರು ನಗುನಗುತ್ತಾ ಹಿಂದಿಯಲ್ಲಿ ಐದು ನಿಮಿಷ ಮಾತನಾಡಿದರು. ಫೋನ್ ವಾಪಸ್ ನನ್ನ ಕೈಗೆ ಬಂದಾಗ ಚಿಕ್ಕಮ್ಮ ಕೇಳಿದಳು:

"ಧಾರಿ, ಯಾರೇ ಅದು?"

"ಅಪ್ಪ ಕಣೇ ಚಿಕ್ಕಮ್ಮ. ಹಿಂದಿ ಎಷ್ಟು ಚೆನ್ನಾಗಿ ಕಲ್ತಿದಾರೆ ನೋಡು."

"ಭಾವನ ಧ್ವನಿ ನಂಗೆ ಗೊತ್ತಿಲ್ವೇನೇ? ನನ್ನ ಮದ್ವೇಲಿ ಮೈಕ್ ಹಿಡ್ದು ಹಾಡಿದೋರು ಅವ್ರು. ಇದು ಅವ್ರಲ್ಲ ಕಣೇ."

ವಯಸ್ಸಾದರೆ ಗಂಟಲು ಬದಲಾಗುವುದಿಲ್ಲವೇ? ಸ್ವಲ್ಪ ಒರಟಾಗಿಯೇ ಹೇಳಿ ಇಟ್ಟೆ. ಊಟಕ್ಕೆ ರಾಜ್ಮಾ ಮಾಡಿದ್ದೆ, ಅಪ್ಪ ಎರಡು ಸಲ ಹಾಕಿಸಿಕೊಂಡರು. ಹುಳಿ ಈಗ ಅವರಿಗೆ ಸೇರುವುದಿಲ್ಲ. ಮೊಸರನ್ನ ಕಂಡರೆ ಮುಖ ಹಿಂಡುತ್ತಾರೆ.

ಜನವರಿ 6, ಸೋಮವಾರ

ಇವತ್ತಿನದನ್ನು ನೆಟ್ಟಗೆ ಬರೆಯಬೇಕು.

ದಿಲೀಪ್ ಬಾಗಿಲುಗಳನ್ನು ತಂದಿದ್ದ. ಚಹಾ ಕೊಟ್ಟು, ಆ ಕೆಂಪು ಗಾಡಿ ಯಾರದ್ದು ಎಂದು ಸುಮ್ಮನೆ ಕೇಳಿದೆ. ಕರೋಲ್ ಬಾಗ್‌ನ ಚಾವ್ಲಾ ಸಾಹೇಬರದ್ದಂತೆ. ಅವರಿಗೆ ಒಬ್ಬಳೇ ಮಗಳು, ಗುಡ್ಡಿ. ದಿನಾ ಮಧ್ಯಾಹ್ನ ಎರಡಕ್ಕೆ ಸ್ಕೂಲಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಮೂರು ಹಾರ್ನ್ ಹೊಡೆಯುತ್ತಿದ್ದರು, ಮಗಳು ಓಡಿ ಬಂದು ಹಿಂದೆ ಕೂರುತ್ತಿದ್ದಳು. ಒಂದು ದಿನ ಅವಳು ಹೊರಗೆ ಬರಲಿಲ್ಲ. ಎಲ್ಲಿ ಹೋದಳೆಂದು ಯಾರಿಗೂ ಗೊತ್ತಾಗಲಿಲ್ಲ. ಚಾವ್ಲಾ ಸಾಹೇಬರು ಸಾಯುವವರೆಗೂ, ಮೂವತ್ತು ವರ್ಷ, ಎರಡು ಗಂಟೆಗೆ ಅದೇ ಗೇಟಿನ ಮುಂದೆ ಹಾರ್ನ್ ಹೊಡೆದರು.

"ಎಷ್ಟು ಹಾರ್ನ್?" ಎಂದು ಮತ್ತೆ ಕೇಳಿದೆ.

"ತೀನ್. ದೋ ಛೋಟೇ, ಏಕ್ ಲಂಬಾ." ಎರಡು ಗಿಡ್ಡ, ಒಂದು ಉದ್ದ.

ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ಚಕ್ರ ಹೋದ ಮೇಲೆ "ಮಗನೇ" ಹೋಯಿತು. ಸ್ಟಿಯರಿಂಗ್ ಡಬ್ಬಿಯ ಜೊತೆಗೆ "ಗಯಾ" ಹೋಯಿತು. ಸೀಟಿನ ಜೊತೆಗೆ ಅಮ್ಮ ಹೋದಳು. ತಪ್ಪು ಹುಡುಕುವುದೇ ಕೆಲಸವಾದವಳು ನಾನು. ನನ್ನ ಅಕ್ಷರದಲ್ಲೇ, ತಾರೀಖಿನ ಸಮೇತ ಬರೆದಿಟ್ಟುಕೊಂಡು, ಕಾಣಲಿಲ್ಲ. ನಮ್ಮ ಗಾಡಿಯನ್ನು ನಾನು ರಿಪೇರಿ ಮಾಡಿಸುತ್ತಿಲ್ಲ. ಅವರ ಗಾಡಿ ಸ್ವಲ್ಪ ಸ್ವಲ್ಪವಾಗಿ ಇಲ್ಲಿಗೆ ಬಂದು ನಿಲ್ಲುತ್ತಿದೆ. ನಮ್ಮದು ಸ್ವಲ್ಪ ಸ್ವಲ್ಪವಾಗಿ ಗುಜರಿಗೆ ಹೋಗಿದೆ, ಅಪ್ಪನ ಸಮೇತ.

ಹಳೆಯ ಸಾಮಾನೆಲ್ಲ ವಾಪಸ್ ತಂದು ಹಾಕು ಎಂದು ದಿಲೀಪನಿಗೆ ಗೋಗರೆದೆ. ಅವನು ಗುಜರಿಗೆ ಫೋನ್ ಮಾಡಿ ಕೇಳಿದ. "ಸಬ್ ಗಲ್ ಗಯಾ, ಮ್ಯಾಡಮ್‌ಜಿ." ಎಲ್ಲ ಕರಗಿಸಿಯಾಗಿದೆ.

ಇನ್ನು ಒಂದು ಸ್ಕ್ರೂ ಕೂಡ ಬದಲಾಯಿಸುವುದಿಲ್ಲ.

ಜನವರಿ 9, ಗುರುವಾರ

ಎರಡು ಗಂಟೆಗೆ ಕೆಳಗೆ ಹೋಗಲು ಬಿಡಲಿಲ್ಲ. ಬಾಗಿಲಿಗೆ ಬೀಗ ಹಾಕಿದೆ. ಅವರು ಬೈಯಲಿಲ್ಲ, ಜಗಳ ಮಾಡಲಿಲ್ಲ. ಬಾಗಿಲಿಗೆ ಹಣೆ ಒತ್ತಿಕೊಂಡು, "ಛುಟ್ಟಿ ಹೋ ಗಯೀ ಹೋಗೀ, ಗುಡ್ಡಿ ಅಕೇಲೀ ಖಡೀ ಹೋಗೀ" ಎಂದು ಮಗುವಿನ ಹಾಗೆ ಅತ್ತರು. ಸ್ಕೂಲು ಬಿಟ್ಟಿರುತ್ತದೆ, ಗುಡ್ಡಿ ಒಬ್ಬಳೇ ನಿಂತಿರುತ್ತಾಳೆ. ಎಪ್ಪತ್ತೆಂಟು ವರ್ಷದ ಬೆನ್ನು, ಅದು ನನ್ನಪ್ಪನ ಬೆನ್ನು, ಅದೇ ಹಳೇ ಸ್ವೆಟರು. ಎಷ್ಟು ಹೊತ್ತು ನೋಡಿಕೊಂಡಿರಲಿ?

ಬೀಗ ತೆಗೆದೆ. "ಮೈಂ ಆ ಗಯೀ," ಎಂದೆ. ನಾನು ಬಂದೆ.

ಅವರು ನನ್ನ ತಲೆ ಸವರಿದರು. ಎಷ್ಟೋ ತಿಂಗಳಿನಿಂದ ಯಾರೂ ನನ್ನ ತಲೆ ಸವರಿರಲಿಲ್ಲ.

ಜನವರಿ 14, ಮಂಗಳವಾರ

ನಿನ್ನೆ ಸೊಸೈಟಿಯಲ್ಲಿ ಪಂಜಾಬಿಗಳ ಲೋಹ್ರಿ ಹಬ್ಬ. ಬೆಂಕಿಯ ಸುತ್ತ ಅವರು ಎಂಥ ಚೆಂದ ಕುಣಿದರು! ಎಳ್ಳು ಬೆಲ್ಲದ ಗಜಕ್, ಕಡಲೆಕಾಯಿ, ಜೋಳದ ಅರಳು ನನ್ನ ಮಡಿಲಿಗೆ ಸುರಿದರು. ಆಯಾಸವಿಲ್ಲ, ಕೈನಡುಕವಿಲ್ಲ. ನವೆಂಬರಿನಲ್ಲಿ ಚಮಚ ಹಿಡಿಯಲಾರದೆ ಇದ್ದವರು.

ಇವತ್ತು ಚಿಕ್ಕಮ್ಮ ಫೋನ್ ಮಾಡಿ ಎಳ್ಳು ಬೀರಿದೆಯಾ ಎಂದು ಕೇಳಿದ ಮೇಲೆಯೇ ಸಂಕ್ರಾಂತಿ ಎಂದು ನೆನಪಾಯಿತು. ಪ್ರತಿ ವರ್ಷ ಕೊಬ್ಬರಿ ಹೆಚ್ಚಿ ಬೆರಳಿಗೆ ಗಾಯ ಮಾಡಿಕೊಳ್ಳುತ್ತಿದ್ದೆ. ಈ ವರ್ಷ ಬೆರಳು ಉಳಿಯಿತು.

ದಿಲೀಪನಿಗೆ ಎಂಜಿನ್ ತರಲು ಹೇಳಿದ್ದೇನೆ. ಗೊತ್ತು, ಗೊತ್ತು. ಆದರೆ ಕರಗಿಹೋದದ್ದು ಹೇಗೂ ವಾಪಸ್ ಬರುವುದಿಲ್ಲ. ಕೂತಲ್ಲೇ ಒದ್ದೆ ಮಾಡಿಕೊಂಡು ನನ್ನನ್ನು ಸಿಸ್ಟರ್ ಎನ್ನುತ್ತಿದ್ದವರು ಈಗ ನಡೆಯುತ್ತಾರೆ, ನಗುತ್ತಾರೆ, ಕರೆಯುತ್ತಾರೆ. ಯಾರ ಹೆಸರು ಹಿಡಿದು ಕರೆದರೂ ಕರೆಯುವುದು ನನ್ನನ್ನೇ ತಾನೇ. ನಾನು ಆಸೆಬುರುಕಿ. ನನಗೆ ಕರೆಸಿಕೊಳ್ಳಬೇಕು.

ಜನವರಿ 23, ಗುರುವಾರ

ಎಂಜಿನ್ ಕೂತಿತು. ಒಂದೇ ಸಲಕ್ಕೆ ಹತ್ತಿಕೊಂಡಿತು. ಬಾಗಿಲು, ಬಾನೆಟ್, ಎಲ್ಲ ಕೆಂಪು. ಪಾಪಾ ಬಟ್ಟೆ ಹಿಡಿದು ಒರೆಸಿ ಒರೆಸಿ ಹೊಳೆಯಿಸಿದರು. ಆಫೀಸಿನ ಮೀಟಿಂಗ್ ಎರಡು ಗಂಟೆಗೆ ಇಟ್ಟಿದ್ದರು, ಬರುವುದಿಲ್ಲ ಎಂದೆ. ಎರಡು ಗಂಟೆಗೆ ಸ್ಕೂಲು ಬಿಡುತ್ತದೆ.

ಫೆಬ್ರವರಿ 2, ಭಾನುವಾರ

ಇದನ್ನು ಬರೆಯಲೇಬೇಕು. ಬರೆಯದಿದ್ದರೆ ನಾಳೆಗೆ ಮರೆಯುತ್ತೇನೆ ಅನ್ನಿಸುತ್ತಿದೆ, ಯಾಕೋ.

ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಎಂಜಿನ್ ನಡೆಯುತ್ತಿತ್ತು. ಪಾಪಾ ಏನೋ ಗುನುಗುತ್ತಿದ್ದರು. ತಲೆಯೆತ್ತಿ ಮೇಲಿನ ಪುಟ್ಟ ಕನ್ನಡಿಯನ್ನು ನೋಡಿದೆ. ನಮ್ಮ ಗಾಡಿಯಲ್ಲಿ ಉಳಿದಿರುವ ಹಳೆಯ ಸಾಮಾನು ಅದೊಂದೇ. ಅಂಚಿನಲ್ಲಿ ರಸ ಹೋಗಿ ಕಪ್ಪು ಚುಕ್ಕೆ ಬಿದ್ದಿದೆ.

ಮುಂದೆ ಕೂತವರು ನುಣ್ಣಗೆ ಗಡ್ಡ ಹೆರೆದುಕೊಂಡು ಗುನುಗುತ್ತಿದ್ದರು. ಕನ್ನಡಿಯಲ್ಲಿ ಇದ್ದವರು ಗುನುಗುತ್ತಿರಲಿಲ್ಲ. ಅವರ ಮುಖದಲ್ಲಿ ಬಿಳಿ ಗಡ್ಡ ಕುರುಚಲಾಗಿ ಬೆಳೆದಿತ್ತು, ಕೆನ್ನೆ ಇಳಿದಿತ್ತು. ಬಹಳ ದಿನ ಹೊರಗೆ ನಿಂತು ಕಾದವರ ಹಾಗಿದ್ದರು. ನೇರವಾಗಿ ನನ್ನನ್ನೇ ನೋಡುತ್ತಿದ್ದರು.

"ಏನೋ ಮಗನೇ," ಎಂದರು. "ಗಾಡಿ ಆ ಗಯಾ? ನನ್ನನ್ನ ಎಲ್ಲಿ ಇಳಿಸ್ಬಿಟ್ಟೆಯೋ?"

ಅಪ್ಪ. ನನ್ನಪ್ಪ. ಆ "ಓ" ನನಗೆ ಗೊತ್ತು, ಆ ತಪ್ಪು ಹಿಂದಿಯೂ ನನಗೆ ಗೊತ್ತು. ಮುಂದಕ್ಕೆ ಬಾಗಿ ಕನ್ನಡಿಯತ್ತ ಕೈ ಚಾಚಿದೆ. ಮುಂದೆ ಕೂತವರು ಕಣ್ಣು ಕಿರಿದು ಮಾಡಿ ಕನ್ನಡಿಯನ್ನು ತಿರುಗಿಸಿ, "ಶೀಶಾ ಧುಂಧಲಾ ಹೈ ಬೇಟಾ, ತೂ ದಿಖ್ತೀ ನಹೀಂ" ಎಂದರು. ಕನ್ನಡಿ ಮಸುಕಾಗಿದೆ, ನೀನು ಕಾಣುವುದಿಲ್ಲ.

ಆ ಕನ್ನಡಿಯನ್ನು ಯಾರೂ ಮುಟ್ಟಕೂಡದು. ಪ್ರಾಣ ಹೋದರೂ ಮುಟ್ಟಗೊಡುವುದಿಲ್ಲ. ನಾಳೆ ಅದರ ಮುಂದೆ ಕೂತು ಎಲ್ಲ ಹೇಳಬೇಕು. ತಪ್ಪಾಯಿತು ಎನ್ನಬೇಕು.

ಫೆಬ್ರವರಿ 6, ಗುರುವಾರ

ಪಾಪಾಜಿ ಮೂರು ದಿನದಿಂದ ಊಟ ಬಿಟ್ಟಿದ್ದಾರೆ. ಕನ್ನಡಿಯಲ್ಲಿ ನಾನು ಕಾಣುವುದಿಲ್ಲವಂತೆ. ಕಾಣದಿದ್ದರೆ ಗುಡ್ಡಿ ಇವತ್ತೂ ಬರಲಿಲ್ಲ ಎಂದೇ ಲೆಕ್ಕವಂತೆ. ಹಿಂದೆ ಕೂತು ಎಷ್ಟು ಕೂಗಿದರೂ ಕೇಳುವುದಿಲ್ಲ.

ಕನ್ನಡಿಯ ಮುಂದೆ ಏನೋ ಹೇಳಬೇಕು ಎಂದು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಹೋಗಿ ಕೂತೆ. ಏನು ಹೇಳಬೇಕೆಂದು ನೆನಪಾಗಲಿಲ್ಲ.

ದಿಲೀಪ್ ಭಯ್ಯಾಗೆ ಫೋನ್ ಮಾಡಿದೆ. ಒಂದು ಕನ್ನಡಿ ತಾನೇ.

ಫೆಬ್ರವರಿ 9, ಭಾನುವಾರ

ಅಂತೂ ಕೆಲಸವೆಲ್ಲ ಮುಗಿಯಿತು! ದಿಲೀಪ್ ಭಯ್ಯಾ ಹೊಸ ಕನ್ನಡಿ ಹಾಕಿ, ಗಾಡಿಗೆ ಕೈಮುಗಿದು ಹೋದ. ಇನ್ನು ಬಿಚ್ಚುವುದಕ್ಕೆ ಏನೂ ಉಳಿದಿಲ್ಲವಂತೆ. ಪಾಪಾಜಿ ಅದರಲ್ಲಿ ನನ್ನನ್ನು ಕಂಡ ಕೂಡಲೇ ಕಣ್ಣೊರೆಸಿಕೊಂಡರು. ಎರಡು ಪರಾಠಾ ತಿಂದರು. ಇವತ್ತು ನನಗೆ ಎರಡು ಜಡೆ ಅವರೇ ಹೆಣೆದರು.

ಹಳೆಯ ಕನ್ನಡಿಯನ್ನು ಪೇಪರಿನಲ್ಲಿ ಸುತ್ತಿ ಗೇಟಿನ ಹತ್ತಿರ ಬಂದಿದ್ದ ರದ್ದಿಯವನಿಗೆ ಕೊಡಲು ಒಯ್ದೆ. ಲಿಫ್ಟಿನಲ್ಲಿ ಇಳಿಯುವಾಗ ಪೊಟ್ಟಣದ ಒಳಗಿನಿಂದ ಯಾರೋ ಮುದುಕರು ಮೆಲ್ಲಗೆ, "ಗಾಡಿ ಆ ಗಯಾ? ಗಾಡಿ ಆ ಗಯಾ?" ಎನ್ನುತ್ತಿದ್ದರು. ಪಾಪ, ಸೌತ್ ಕಡೆಯವರಿರಬೇಕು. ಅವರಿಗೆ ಇದೊಂದು ಬರುವುದೇ ಇಲ್ಲ.

"ಗಯಾ ಅಲ್ಲ ಅಂಕಲ್, ಗಯೀ," ಎಂದು ತಿದ್ದಿದೆ.

ಆಮೇಲೆ "ಏನೋ ಮಗನೇ" ಎಂದರು. ಅದು ಯಾವ ಭಾಷೆಯೋ. ಕೇಳಲು ಚೆನ್ನಾಗಿತ್ತು, ಅಷ್ಟೇ. ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು ಬಂದೆ.

ಎರಡು ಗಂಟೆಯಾಯಿತು. ಕೆಳಗೆ ಪಾಪಾಜಿ ಹಾರ್ನ್ ಹೊಡೆಯುತ್ತಿದ್ದಾರೆ, ನಾನು ಹೋಗಬೇಕು.